ರೊಟ್ಟಿಯ ಪದ್ಯ

ಶಿವಗಂಗಾ,

ನಿನ್ನ ಅಜ್ಜ ಶಿವೈಕ್ಯರಾದ ಸುದ್ದಿ ಆಸ್ಪತ್ರೆಯಿಂದ ಬಂದ ದಿನವೇ ನೀನು ಅವರ ಪದ್ಯಗಳನ್ನು ಓದಿ ಫೋನಿನಲ್ಲಿ ಹಾಕುವುದನ್ನು ನಿಲ್ಲಿಸಿದೆ. ತಿಂಗಳಾಯಿತು. ಇನ್ನು ಸಾಕು, ಮೊಮ್ಮಗಳೇ.

ಹಿಟ್ಟಿನ ಡಬ್ಬಿಯ ಕೆಳಗೆ ಒಂದು ಹಾಳೆ ಇದೆ. ನನ್ನ ರೊಟ್ಟಿಯನ್ನು ಎತ್ತೂ ಮೂಸಲಿಲ್ಲ ಎಂದು, ಮದುವೆಯಾದ ವರ್ಷ ಅವರು ಬರೆದ ಪದ್ಯ. "ಇದನ್ನ ಯಾರ ಮುಂದೂ ಓದಬ್ಯಾಡ್ರಿ" ಎಂದು ಕಸಿದು ಬಚ್ಚಿಟ್ಟಿದ್ದೆ. "ನಾ ಹೋದ ಮ್ಯಾಲ ನೀನ ಓದಸ್ತಿ, ನೋಡ" ಎಂದು ನಕ್ಕಿದ್ದರು.

ಇಂದೇ ಹಾಕು. ಜನ ನಗಲಿ. ಅವರ ಪದ್ಯ ಓದಿ ಹಾಕಿದ್ದಕ್ಕೆ ನಿನಗೆ ಬಂದ ಮೊದಲ ಗಳಿಕೆಯಲ್ಲಿ ನೀನು ಕೊಡಿಸಿದ ಕನ್ನಡಕ ಹಾಕಿಕೊಂಡೇ ಈ ಚೀಟಿ ಬರೆದಿದ್ದೇನೆ. ಮುಂದಿನ ಗಳಿಕೆಯಲ್ಲಿ ಮಠದ ದಾಸೋಹಕ್ಕೆ ಜೋಳ ತರೋಣ. ರೊಟ್ಟಿ ನಾನೇ ಬಡಿಯುತ್ತೇನೆ.

ಹಾಲು ಕಾಯಿಸಿಡು. ಬಿಲ್ವಪತ್ರೆ ಹಿಡಿದು ಸಾಂಬ್ರಾಣಿ ಊರಿನ ನಮ್ಮ ಹೊಲದಲ್ಲಿರುವ ಅವರ ಸಮಾಧಿಯ ಗದ್ದುಗೆಗೆ ಹೊರಟೆ.

ಶಿವನೇ, ನನ್ನನ್ನು ಸೋಲಿಸಿ ಹೋದ ಆ ಜೀವ ನಿನ್ನ ಪಾದದಲ್ಲಿ ನೆಮ್ಮದಿಯಿಂದಿರಲಿ.