ಎಡಗಾಲಿನ ಕಾಲುಚೀಲ

ಮ್ಯೂಸಿಯಂ, ಕಾನೂನು ವಿಭಾಗದ ಕೊಠಡಿ
ಗುರುವಾರ, ನವೆಂಬರ್ ೧೪

ಅಕ್ಕರೆಯ ಅಕ್ಕ, ಅಬ್ಲಾ ಫಿಕ್ರಿಯಾ,

ನಿಮ್ಮ ಎರಡೂ ಕೈಗಳಿಗೆ ಮುತ್ತಿಟ್ಟು ನಿಮ್ಮ ರಬಾಬ್ ಬರೆಯುತ್ತಿದ್ದಾಳೆ. ಮಂಡಿನೋವು ಹೇಗಿದೆ? ಅಲೆಕ್ಸಾಂಡ್ರಿಯಾದ ಸಮುದ್ರದ ಗಾಳಿ ನಿಮಗೆ ಆಗಿಬರುವುದಿಲ್ಲ ಎಂದು ನಾನು ಹೇಳುತ್ತಲೇ ಬಂದೆ, ನೀವು ತಂಗಿಯ ಮನೆ ಬಿಟ್ಟು ಕದಲುವವರಲ್ಲ. ಇರಲಿ. ಈ ಲಕೋಟೆಯಲ್ಲಿ ಮೂರು ಕಾಗದಗಳಿವೆ. ಒಂದು ಈ ಪತ್ರ. ಹಸಿರು ಮೊಹರಿನದನ್ನು ಮೊದಲು ತೆಗೆಯಿರಿ, ಕನ್ನಡಕ ಹಾಕಿಕೊಂಡು. ಹೌದು, ಅದು ನಿಮ್ಮ ಬೇಬಾಕಿ ಪತ್ರವೇ. ಮೂರನೆಯದರ ಮಡಿಕೆಯನ್ನು ಪತ್ರ ಪೂರ್ತಿ ಓದುವವರೆಗೆ ಬಿಚ್ಚಬೇಡಿ.

ಒಂಬತ್ತು ವರ್ಷ, ನಾಲ್ಕು ತಿಂಗಳು. ಇನ್ನು ನಿಮ್ಮ ಹೆಸರಿನಲ್ಲಿ ತನಿಖೆಯಿಲ್ಲ, ಪ್ರಯಾಣಕ್ಕೆ ತಡೆಯಿಲ್ಲ. ಮಸ್ಕತ್ತಿನಲ್ಲಿರುವ ಮಗಳ ಮನೆಗೆ ನಾಳೆ ಬೇಕಾದರೂ ಹೊರಡಬಹುದು. ಫೋನಿನ ಗಾಜಿನ ಮೇಲೇ ನೀವು ಮುದ್ದಿಸಿದ ಮೊಮ್ಮಗ ಎತ್ತಿಕೊಳ್ಳುವ ವಯಸ್ಸು ದಾಟಿಬಿಟ್ಟ. ಅದಕ್ಕೆ ಕೊಡಲು ನನ್ನ ಬಳಿ ಯಾವ ಕಾಗದವೂ ಇಲ್ಲ.

ಹೋದ ವಾರ ವಿಶ್ವವಿದ್ಯಾಲಯದವರು ನನ್ನನ್ನು ಕರೆದಿದ್ದರು. ಮ್ಯೂಸಿಯಂ ಕೆಲಸಕ್ಕೆ, ಮ್ಯೂಸಿಯಂ ಕಾನೂನಿಗೆ ಬರಬೇಕೆಂದಿರುವ ಮಕ್ಕಳಿಗೆ ನಾಲ್ಕು ಮಾತು ಹೇಳಬೇಕಂತೆ. ಕಳ್ಳಸಾಗಣೆ, ವಿದೇಶದ ಹರಾಜು, ಕೋರ್ಟಿನಲ್ಲಿ ಗೆದ್ದ ವಿಗ್ರಹಗಳ ಕಥೆ ಕೇಳಲು ಬಂದಿದ್ದರು ಪಾಪ. ನಾನು ಸಹಿಯ ಬಗ್ಗೆ ಮಾತಾಡಿದೆ. ನಮ್ಮಲ್ಲಿ ಒಂದು ಮಣಿಯೂ ಬರೀ ಸರ್ಕಾರದ ಸುಪರ್ದಿಯಲ್ಲಿರುವುದಿಲ್ಲ, ಹೆಸರು ಹಿಡಿದು ಕೂಗಬಹುದಾದ ಒಬ್ಬ ಮನುಷ್ಯರ ಸುಪರ್ದಿಯಲ್ಲಿರುತ್ತದೆ. ಅದನ್ನು ಇನ್ನೊಬ್ಬರ ಕೈಗೆ ಎಣಿಸಿ ಒಪ್ಪಿಸುವವರೆಗೆ ಆ ಮನುಷ್ಯರು ನಿವೃತ್ತರಾದರೂ ನಿವೃತ್ತರಲ್ಲ ಎಂದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಮೇಡಂ, ಉಗ್ರಾಣದಲ್ಲಿ ಇದ್ದೋರು ಲಾಯರ್ ಹೇಗಾದ್ರಿ?" ಎಂದು ಕೇಳಿದಳು. ನಾನು ನಿಮ್ಮ ಹೆಸರು ಹೇಳಿದೆ.

ನೀವು ನಿವೃತ್ತರಾಗುವ ಮುನ್ನ ಉಗ್ರಾಣವನ್ನು ನನ್ನ ಸುಪರ್ದಿಗೆ ಒಪ್ಪಿಸಲು ನಾವಿಬ್ಬರೂ ನಾಲ್ಕು ತಿಂಗಳು ಕೂತು ಎಣಿಸಿದ್ದನ್ನು ಅವರಿಗೆ ಹೇಳಿದೆ. ಎರಡು ಸಾವಿರದ ಮುನ್ನೂರ ಹದಿನೆಂಟು ವಸ್ತುಗಳು. ಉಂಗುರ ಬಿಚ್ಚಿಸಿದಿರಿ, ಸೋಪು ಹಾಕಿ ಕೈ ತೊಳೆಸಿದಿರಿ, ಪೆನ್ನು ಕಿತ್ತುಕೊಂಡು ಪೆನ್ಸಿಲ್ ಕೊಟ್ಟಿರಿ. ಮೂರನೇ ದಿನಕ್ಕೇ ನನಗೆ ಸಾಕಾಗಿ, ನೀವು ಎಣಿಸಿದ್ದನ್ನು ನಾನು ಮತ್ತೆ ಎಣಿಸಿದರೆ ನಿಮಗೇ ಅವಮಾನವಲ್ಲವೇ ಎಂದೆ. ನೀವು ಬೈದದ್ದು ಈಗಲೂ ಕಿವಿಯಲ್ಲಿದೆ: "ಮರ್ಯಾದೆ ಎಲ್ಲ ಹೊರಗಡೆ ಇಟ್ಕೋ ತಾಯಿ. ಇಲ್ಲಿ ನೋಡು, ಎಣಿಸು, ಆಮೇಲೆ ಸಹಿ ಹಾಕು."

ನಲವತ್ತೊಂದನೇ ಪೆಟ್ಟಿಗೆಯಲ್ಲಿತ್ತು ಆ ಕಾಲುಚೀಲ. ಸಾವಿರದ ಆರುನೂರು ವರ್ಷ ಹಳೆಯದು, ನನ್ನ ಅಂಗೈಗಿಂತ ಚಿಕ್ಕದು, ಕೆಂಪು ಹಳದಿ ಹಸಿರು ಪಟ್ಟೆ. ಚಪ್ಪಲಿಯ ಬಾರು ತೂರಲೆಂದು ಹೆಬ್ಬೆರಳಿಗೆ ಬೇರೆ ಮನೆ. ಎಡಗಾಲಿನದೊಂದೇ. ಹಿಮ್ಮಡಿಯಲ್ಲಿ ಯಾರೋ ಬೇರೆ ಬಣ್ಣದ ಉಣ್ಣೆಯಿಂದ ತೂತು ಮುಚ್ಚಿದ್ದರು. ಅದನ್ನು ನನ್ನ ಅಂಗೈ ಮೇಲಿಟ್ಟು, "ಇನ್ನೊಂದು ಕಾಲಿಂದು ಎಲ್ಲಿ ಕಳ್ಕೊಂಡು ಬಂತೋ. ಆ ತಾಯಿ ಎಷ್ಟು ಬೈದಿರ್ತಾಳೋ ಆ ಮಗೂನ," ಎಂದಿರಿ. ಉಗ್ರಾಣದ ಅಷ್ಟೂ ವಸ್ತುಗಳಲ್ಲಿ ನಿಮಗೆ ಅದರ ಮೇಲೇ ಜೀವ ಎಂದು ನನಗೆ ಅವತ್ತೇ ಗೊತ್ತಾಯಿತು.

ಈದ್ ರಜೆ ಮುಗಿದ ಮೇಲೆ ಕೈರೋದಿಂದ ತಪಾಸಣೆಯವರು ಬಂದರು. ನಲವತ್ತೊಂದನೇ ಪೆಟ್ಟಿಗೆ ತೆರೆದರೆ ಕಾಲುಚೀಲದ ಜಾಗ ಖಾಲಿ. ದಾಖಲೆಯಲ್ಲಿ, ಎಣಿಸಿ ಪಡೆದೆನೆಂದು ನನ್ನ ಸಹಿ. ನಿಮ್ಮ ಸರ್ವೀಸು ಮುಗಿಯಲು ಆರು ದಿನ ಬಾಕಿ. ನಾನು ಬಾಯಿ ತೆರೆಯುವ ಮೊದಲೇ ನೀವು ಸ್ಟೂಲಿನಿಂದ ಎದ್ದು ಹೇಳಿದಿರಿ: "ಆ ಪೆಟ್ಟಿಗೆ ನಾವು ತೆಗೀಲೇ ಇಲ್ಲ ಸಾರ್. ನನ್ನೆದುರಿಗೆ ಎಣಿಸೋಕೆ ಹುಡುಗಿ ಸಂಕೋಚ ಪಟ್ಕೊಂಡ್ಲು. ನಾನೇ, ಪರ್ವಾಗಿಲ್ಲ ಸಹಿ ಹಾಕು ಅಂದೆ."

ಅವರು ನಂಬಿಬಿಟ್ಟರು. ಎಲ್ಲ ಮ್ಯೂಸಿಯಂಗಳಲ್ಲೂ ಹಾಗೇ ನಡೆಯುತ್ತದಲ್ಲ, ದೊಡ್ಡವರ ಎದುರು ಯಾರು ಎಣಿಸುತ್ತಾರೆ? ಹಾಗೆ ಮಾಡದ ಒಬ್ಬರೇ ಒಬ್ಬರ ತಲೆಗೆ ಆ ತಪ್ಪು ಬಂದು ಕೂತಿತು. ಜಗಲಿಯಲ್ಲಿ ನಾನು ನಿಮ್ಮ ತೋಳು ಹಿಡಿದು ಯಾಕೆ ಹೀಗೆ ಮಾಡಿದಿರಿ ಎಂದು ಅತ್ತೆ. "ಮೂವತ್ತೊಂದು ವರ್ಷ ಮಡಕೆ ಕುಡಿಕೆ ಕಾಯ್ದೆ. ಒಂದು ಹುಡುಗೀನ ಕಾಯೋಕಾಗಲ್ವಾ?" ಎಂದಿರಿ. ಆಮೇಲೆ, "ಹೋಗಿ ಮುಖ ತೊಳ್ಕೋ, ಮೂಗು ಸೋರ್ತಿದೆ." ಕಾಲುಚೀಲ ಏನಾಯಿತು ಎಂದು ಮಾತ್ರ ನೀವು ಕೇಳಲಿಲ್ಲ. ಅವತ್ತೂ ಕೇಳಲಿಲ್ಲ, ಆಮೇಲೆ ಪ್ರತಿ ಈದ್‌ಗೆ ಫೋನು ಮಾಡಿದಾಗಲೂ ಕೇಳಲಿಲ್ಲ.

ಅಬ್ಲಾ, ನಿಮ್ಮ ಕಡತ ಮುಚ್ಚಿಸಲೆಂದೇ ನಾನು ಸಂಜೆ ಕಾಲೇಜಿಗೆ ಸೇರಿ ಕಾನೂನು ಓದಿದ್ದು. ಪದವಿ, ಈ ಕೊಠಡಿ, ಬಾಗಿಲ ಮೇಲಿನ ಹೆಸರಿನ ಹಲಗೆ, ಇದೆಲ್ಲ ನೀವು ಅವತ್ತು ಆಡಿದ ಮೂರು ವಾಕ್ಯಗಳಿಂದ ಬಂದದ್ದು. ನನ್ನ ತಾಯಿ ನನಗೆ ಜೀವ ಕೊಟ್ಟಳು, ಅದನ್ನು ಹಿಡಿದುಕೊಳ್ಳುವುದು ಹೇಗೆಂದು ಕಲಿಸಿದವರು ನೀವು. ಇದನ್ನು ಎದುರಿಗೆ ಹೇಳಿದರೆ ಬೈಯುತ್ತೀರೆಂದು ಕಾಗದದಲ್ಲಿ ಬರೆಯುತ್ತಿದ್ದೇನೆ.

ಈಗ ಕಾಲುಚೀಲ ಸಿಕ್ಕಿದ ಕಥೆ. ಇಲ್ಲಿ ನನಗೆ ಎಲ್ಲರೂ ಇಟ್ಟಿರುವ ಹೆಸರು ಗುಜರಿ ಮೇಡಂ. ಹಿತ್ತಲಿನ ಗುಜರಿ ಕೋಣೆ ನಿಮಗೆ ನೆನಪಿದೆಯಲ್ಲ, ಕೆಟ್ಟ ಸಾಮಾನು ತುಂಬಿ ಸಾಮಾನು ವಿಭಾಗದ ಉಸ್ತಾದ್ ವಹ್ಬಾ ಬಾಗಿಲಿಗೆ ಅರಗಿನ ಮೊಹರು ಹಾಕಿ ಇಟ್ಟದ್ದು? ಮುರಿದ ಕುರ್ಚಿಯೂ ಸುಪರ್ದಿಯೇ ಆದ್ದರಿಂದ ಜಿಲ್ಲಾ ಸಮಿತಿ ಬಂದು ಕೂರದೆ ಆ ಬಾಗಿಲು ತೆರೆಯುವಂತಿಲ್ಲ. ಸಮಿತಿ ಕರೆಸಿ, ಕೋಣೆ ತೆರೆಸಿ ಎಂದು ನಾನು ಇಪ್ಪತ್ತಮೂರು ಅರ್ಜಿ ಬರೆದೆ. ವಹ್ಬಾ ಸಿಕ್ಕವರಿಗೆಲ್ಲ, "ಮೇಡಂಗೆ ನನ್ನ ಮುರುಕು ಕುರ್ಚಿ ಮೇಲೆ ಅದೇನು ಪ್ರೀತಿನೋ, ಮದುವೆಗೆ ಉಡುಗೊರೆ ಕೊಡೋಕಿರ್ಬೇಕು," ಎಂದು ಆಡಿಕೊಂಡು ನಕ್ಕ.

ಹೋದ ತಿಂಗಳು ಸಮಿತಿ ಬಂತು. ಕಾನೂನು ವಿಭಾಗದ ಪರವಾಗಿ ನಾನಿದ್ದೆ. ಮೊಹರು ಒಡೆದು ಒಳಗೆ ಹೋದರೆ ಫ್ಯಾನುಗಳು, ಕಾಲಿಲ್ಲದ ಮೇಜುಗಳು, ಮೂಲೆಯಲ್ಲಿ ಪ್ರಯೋಗಾಲಯದ ಹಳೆಯ ಫ್ರೀಜರ್. ಉಣ್ಣೆಯ ನುಸಿ ಸಾಯಲೆಂದು ಹಳೆಯ ಬಟ್ಟೆಗಳನ್ನು ಇಡುತ್ತಿದ್ದೆವಲ್ಲ, ಅದೇ. ಆ ಈದ್ ರಜೆಯಲ್ಲಿ ಅದು ಕೆಟ್ಟಿತ್ತಂತೆ. ಕೆಲಸ ಶುರುವಾದ ಮೊದಲ ದಿನವೇ ವಹ್ಬಾ ಅದಕ್ಕೆ ಪಟ್ಟಿ ಸುತ್ತಿ ಇಲ್ಲಿಗೆ ಸಾಗಿಸಿದ್ದ. ಪಟ್ಟಿ ಕತ್ತರಿಸಿ ಮುಚ್ಚಳ ಎತ್ತಿದಾಗ ಒಳಗೊಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಇನ್ನೊಂದು, ಬಿಳಿ ದಾರದ ಎರಡು ಗಂಟು, ಅದರೊಳಗೆ ನಮ್ಮ ಕಾಲುಚೀಲ. ಒಣಗಿ ಬೆಚ್ಚಗಿತ್ತು, ನುಸಿ ಮುಟ್ಟಿಲ್ಲ, ಒಂದು ಎಳೆ ಬಿಚ್ಚಿಲ್ಲ.

ಒಳಗೆ ನೋಡಲಿಲ್ಲವೇ ಎಂದು ಸಮಿತಿಯವರು ವಹ್ಬಾನನ್ನು ಕೇಳಿದರು. "ಚೀಟಿ ನೋಡ್ದೆ ಸಾರ್. ಒಳಗೆ ಹೋಗಿದ್ದಕ್ಕೆ ಚೀಟಿ ಇರ್ಬೇಕು, ಮೂರು ಸಹಿ ಇರ್ಬೇಕು. ಚೀಟಿ ಇಲ್ಲ ಅಂದ್ಮೇಲೆ ಒಳಗೆ ಏನೂ ಇಲ್ಲ ಅಂತ ತಾನೆ?" ಎಂದ. ಕೂತವರೆಲ್ಲ ತಲೆಯಾಡಿಸಿದರು. ಅವನ ಜಾಗದಲ್ಲಿ ಯಾರಿದ್ದರೂ ಚೀಟಿಯನ್ನೇ ನೋಡುತ್ತಿದ್ದರು, ಮುಚ್ಚಳ ಎತ್ತುತ್ತಿರಲಿಲ್ಲ. ವರದಿಯಲ್ಲಿ ಬರೆದದ್ದು ಹೀಗೆ: ವಸ್ತು ಸುರಕ್ಷಿತ, ಅಜ್ಞಾತ ವ್ಯಕ್ತಿಯಿಂದ ಫ್ರೀಜರಿಗೆ ಸ್ಥಳಾಂತರ, ಪ್ರಕರಣ ಮುಕ್ತಾಯ.

ನಾನು ಗೋಡೆಗೆ ಒರಗಿ ಗಟ್ಟಿಯಾಗಿ ಅತ್ತೆ. ವಹ್ಬಾ ಮುರುಕು ಕುರ್ಚಿಯೊಂದನ್ನು ಒರೆಸಿ, "ಕೂತ್ಕೊಳ್ಳಿ ಮೇಡಂ, ಇದು ನಿಮ್ಗೇ," ಎಂದು ಕೊಟ್ಟ. ಮನುಷ್ಯ ಒಳ್ಳೆಯವನು.

ಬೇಬಾಕಿ ಪತ್ರದ ಕೊನೆಯಲ್ಲಿ ಒಂದು ಸಾಲಿದೆ, ನೀವು ಈಗಾಗಲೇ ಓದಿರುತ್ತೀರಿ: ಪೆಟ್ಟಿಗೆ ತೆರೆಯದೆ, ಎಣಿಸದೆ ಒಪ್ಪಿಸಿದ್ದಕ್ಕೆ ಎಚ್ಚರಿಕೆ ನೀಡಲಾಗಿದೆ. ಉಳಿದ ಎಲ್ಲವನ್ನೂ ತೆಗೆಸಿದೆ, ಅದು ಕದಲಲಿಲ್ಲ. ಸದ್ಯಕ್ಕೆ ಅದರ ಮೇಲೆ ಹೆಬ್ಬೆರಳಿಟ್ಟುಕೊಂಡು ಓದಿ.

ನೀವು ಮಸ್ಕತ್ತಿಗೆ ಹೋಗುವಾಗ ಮೊಮ್ಮಗನಿಗೆ ಇಲ್ಲಿನ ಖರ್ಜೂರ ಕಳಿಸುತ್ತೇನೆ, ಹೊರಡುವ ದಿನ ತಿಳಿಸಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ, ಅಬ್ಲಾ. ನೀವು ಮಾಡಿದ್ದಕ್ಕೆ ಕೃತಜ್ಞತೆ ಎನ್ನುವುದು ಚಿಕ್ಕ ಮಾತು. ಆದರೆ ನನ್ನ ಹತ್ತಿರ ಇರುವುದು ಅದೊಂದೇ ಮಾತು.

ನೀವು ಕಾಯ್ದ ಹುಡುಗಿ,
ರಬಾಬ್

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಆ ಅಜ್ಞಾತ ವ್ಯಕ್ತಿ ನಾನೇ. ಈದ್‌ಗೆ ಮುಂಚಿನ ಗುರುವಾರ ಪೆಟ್ಟಿಗೆಯಲ್ಲಿ ಒಂದು ನುಸಿ ಹಾರಿತು. ನಿಮ್ಮ ಪ್ರೀತಿಯ ಕಾಲುಚೀಲವೇ ತೂತಾದರೆ ಎಂದು ಹೆದರಿ, ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿಟ್ಟೆ. ಚೀಟಿಗೆ ಮೂರು ಸಹಿ ಬೇಕಿತ್ತು. ನನ್ನದಿತ್ತು, ಪ್ರಯೋಗಾಲಯದವರು ಪಕ್ಕದ ಕೋಣೆಯಲ್ಲಿದ್ದರು, ಕರೆದಿದ್ದರೆ ಬಂದು ಹಾಕುತ್ತಿದ್ದರು. ಮೂರನೆಯದು ನಿಮ್ಮದು, ನೀವು ಈದ್‌ನ ಕಹ್ಕ್ ಬಿಸ್ಕತ್ತು ಬೇಯಿಸಲು ಬೇಗ ಮನೆಗೆ ಹೋಗಿದ್ದಿರಿ. ರಜೆ ಮುಗಿದ ಮೇಲೆ ಬರೆದರಾಯಿತು ಎಂದುಕೊಂಡೆ. ಜ್ವರ ಬಂದು ಊರಿನಲ್ಲಿ ಮಲಗಿ ಎದ್ದು ಬರುವಷ್ಟರಲ್ಲಿ ಫ್ರೀಜರ್ ಗುಜರಿ ಕೋಣೆ ಸೇರಿ ಬಾಗಿಲಿಗೆ ಮೊಹರು ಬಿದ್ದಿತ್ತು. ಚೀಟಿಯಿಲ್ಲದೆ ವಸ್ತು ಕದಲಿಸಿದವರಿಗೆ ಜೈಲು ಎಂದು ಕಲಿಸಿದವರು ನೀವೇ. ನಾನು ಹೆದರಿದೆ. ಒಂದು ಮಾತು ಹೇಳಿದ್ದರೆ ಅವತ್ತೇ ಮೊಹರು ಒಡೆಯುತ್ತಿದ್ದರು. ಅದನ್ನು ಬಿಟ್ಟು ಇಪ್ಪತ್ತಮೂರು ಅರ್ಜಿ ಬರೆದೆ.

ಇವತ್ತು ಬೆಳಿಗ್ಗೆ ಹೇಳಿಕೆ ಕೊಟ್ಟೆ. ಪೆಟ್ಟಿಗೆ ತೆರೆದೆವು, ಎಣಿಸಿದೆವು, ಫಿಕ್ರಿಯಾ ಅವರು ಕಾಲುಚೀಲವನ್ನು ನನ್ನ ಅಂಗೈ ಮೇಲಿಟ್ಟರು ಎಂದು ಬರೆದು ಸಹಿ ಹಾಕಿದೆ. ಇನ್ನು ಆ ಎಚ್ಚರಿಕೆಯ ಸಾಲು ನಿಲ್ಲುವುದಿಲ್ಲ. ನೀವು ಅವತ್ತು ಹೇಳಿದ ಸುಳ್ಳಿಗೆ ಹೆದರಬೇಡಿ: ನಿಮಗೆ ಅವರು ಪ್ರಮಾಣ ಮಾಡಿಸಿರಲಿಲ್ಲ, ತನ್ನ ಮೇಲೆ ತಾನೇ ತಪ್ಪು ಹೊರಿಸಿಕೊಂಡವರನ್ನು ಹಿಡಿಯುವ ಕಲಮು ನನಗೆ ಸಿಗಲಿಲ್ಲ, ಎರಡೆರಡು ಸಲ ಹುಡುಕಿದೆ. ನನ್ನ ಮೇಲಿನ ವಿಚಾರಣೆ ಭಾನುವಾರದಿಂದ. ಏನಾಗುತ್ತದೋ ಗೊತ್ತಿಲ್ಲ.

ಈಗ ಮೂರನೇ ಕಾಗದ ಬಿಚ್ಚಿ. ಅದು ಆ ಚೀಟಿ, ಇವತ್ತಿನ ತಾರೀಖು ಹಾಕಿಯೇ ಬರೆದಿದ್ದೇನೆ. ನನ್ನ ಸಹಿ ಆಗಿದೆ, ಪ್ರಯೋಗಾಲಯದವರದೂ ಆಗಿದೆ. ಕಾನೂನಿಗೆ ಇನ್ನು ಅದು ಬೇಕಿಲ್ಲ, ನನಗೆ ಬೇಕು. ನೋಡಿ, ಒಂದೇ ಒಂದು ವಸ್ತು, ಎಡಗಾಲಿನದು. ಎಣಿಸಿ. ಮನಸ್ಸು ಬಂದರೆ, ಆಮೇಲೆ ಸಹಿ ಹಾಕಿ.