ಎರಡು ಪೌಂಡು

ಮದ್ದೂರು, ೨೭ ಜನವರಿ ೧೯೪೬, ಭಾನುವಾರ

ಎರಡೇ ಎರಡು ಪೌಂಡು. ಮೈಸೂರಿನಲ್ಲಿ ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಹೆಚ್ಚಾಗಿದೆಯೆಂದು ಕುಸ್ತಿಗೆ ಇಳಿಸಲೇ ಇಲ್ಲ. ಸಂಸ್ಥಾನದ ತಂಡ ಸೇರುವ ಆಸೆ ಅಖಾಡದ ಮಣ್ಣು ಮುಟ್ಟುವ ಮೊದಲೇ ಮುಗಿಯಿತು.

ನಮ್ಮ ಗರಡಿಯಲ್ಲಿ ಕುಸ್ತಿ ಗೊತ್ತಾದ ದಿನದಿಂದ ತಿನ್ನಿಸುವುದೇ ಪದ್ಧತಿ. ಉಸ್ತಾದ್ ಜಹಾಂಗೀರ್ ಸಾಬರು ತಿಂಗಳಿಂದ ಬಾದಾಮಿ ಅರೆದು ಕುಡಿಸಿದರು. ಬೆಳಿಗ್ಗೆ ಅವರ ಹೆಂಡತಿ ಜೈನಾಬ್ ಬೀ ತುಪ್ಪ ಸವರಿದ ರೊಟ್ಟಿ ಹಿಡಿದು ಸ್ಟೇಷನ್ನಿಗೇ ಬಂದಿದ್ದರು. "ತಿನ್ನು ಮಗ, ಮೈಯೆಲ್ಲ ನಡುಗ್ತಾ ಅದೆ ನಿಂಗೆ," ಎಂದರು. ನಾಲ್ಕನ್ನೂ ತಿಂದೆ.

ವಾಪಸು ಬರುವಾಗ ರೈಲಿನಲ್ಲಿ ಶ್ರೀರಂಗಪಟ್ಟಣ ದಾಟಿದ ಮೇಲೆ ಉಸ್ತಾದರು ನನ್ನ ತೊಡೆಯ ಮೇಲೆ ಕೈಯಿಟ್ಟು, "ತಪ್ಪು ನಂದೇ ಕಣ್ಲಾ ಚಿಕ್ಕಮಾದು. ತಿನ್ನಿಸಿ ತಿನ್ನಿಸಿ ನಿನ್ನ ಕೆಡಿಸ್ಬುಟ್ಟೆ," ಎಂದರು. ಮದ್ದೂರು ಬರುವವರೆಗೂ ಆ ಕೈ ತೆಗೆಯಲಿಲ್ಲ.

ಅವರಿಗೆ ಓದು ಬರುವುದಿಲ್ಲ. ಮೈಸೂರಿನಿಂದ ಬಂದ ಕಾಗದವನ್ನು ಗರಡಿಯಲ್ಲಿ ಎಲ್ಲರೆದುರು ಓದಿ ಹೇಳಿದವನು ನಾನೇ. ದಿನ ಹೇಳಿದೆ, ಜಾಗ ಹೇಳಿದೆ. ಕೊನೆಯಲ್ಲಿ ನನ್ನ ಎದುರಾಳಿಯ ಹೆಸರಿತ್ತು. ಹೋದ ವರ್ಷ ಮಳವಳ್ಳಿಯಲ್ಲಿ ನನ್ನ ಭುಜ ಮುರಿದವನು. ಅದರ ಕೆಳಗೆ, ತೂಕ ಮೀರಿದವರನ್ನು ಇಳಿಸುವುದಿಲ್ಲ ಎಂಬ ಸಾಲು. ಅದೊಂದನ್ನು ಓದದೆ ಕಾಗದ ಮಡಿಸಿದೆ. ಅಂದಿನಿಂದ ಅವರು ಕೊಟ್ಟದ್ದನ್ನೆಲ್ಲ ತಿಂದೆ.

ಈ ಸಲ ಭುಜ ನೆಟ್ಟಗೆ ಉಳಿಯಿತು. ಆದರೆ ಗರಡಿಯಲ್ಲಿ ಉಸ್ತಾದರ ಕಾಲು ಮುಟ್ಟದೆ ಯಾರೂ ಮಣ್ಣಿಗೆ ಇಳಿಯುವಂತಿಲ್ಲ. ಬೆಳಗಾದರೆ ಯಾವ ಕೈಯಿಂದ ಮುಟ್ಟಲಿ?