ಓದಿ ಅಳಿಸಿಬಿಡು

ಗದಗ, 30 ಫೆಬ್ರವರಿ 2161

ಅನ್ನಪೂರ್ಣವ್ವನವರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿಯುವ ಐದು ದಿನಗಳಿಗೆ ಹೆಸರಿಲ್ಲ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ನಿಮ್ಮ ಮೊಮ್ಮಗಳ ಮೊಮ್ಮಗ, ಶಿವಯೋಗಿ. ನಿಮ್ಮ ಇಮೇಲುಗಳನ್ನೆಲ್ಲ ಓದಿದ್ದೇನೆ. ಅದಕ್ಕೂ ಕ್ಷಮೆ ಕೇಳಬೇಕು, ಆದರೆ ಅದು ನನ್ನ ಸಣ್ಣ ತಪ್ಪು.

ಇಪ್ಪತ್ತೆರಡು ವರ್ಷದಿಂದ ಇಲ್ಲಿನ ಓದುಮನೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಕಾಲದಲ್ಲಿ ಬಿಟ್ಟಿಯಾಗಿ ಇಮೇಲ್ ಕೊಟ್ಟ ಕಂಪನಿ ಎಂದೋ ಮುಳುಗಿತು, ಅದರೊಳಗಿದ್ದ ಪತ್ರಗಳು ಮುಳುಗಲಿಲ್ಲ. ಕೈಯಿಂದ ಕೈಗೆ ಮಾರಾಟವಾಗಿ ನಮ್ಮಲ್ಲಿಗೆ ಬಂದವು. ಯಾರಿಗಾದರೂ ಜವಾಬ್ದಾರಿಯ ಹುದ್ದೆ ಕೊಡುವ ಮುಂಚೆ ಅವರ ಹಿರಿಯರ ಪತ್ರಗಳನ್ನು ಓದಿ, ಮನೆತನದ ಕಾಯಿಲೆ, ಚಟ, ಸಿಟ್ಟುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಡುತ್ತೇವೆ. ಆ ಹಾಳೆಗೆ ವಂಶಟಿಪ್ಪಣಿ ಎನ್ನುತ್ತಾರೆ. ನಮ್ಮಲ್ಲೊಂದು ಪದ್ಧತಿ ಇದೆ, ಕೇಳಿಕೆ ಅಂತ. ಒಬ್ಬರ ಪತ್ರಗಳೆಲ್ಲ ಇರುವ ಪೆಟ್ಟಿಗೆ ತೆರೆಯುವ ಮುನ್ನ ಎದ್ದು ನಿಂತು, ಸತ್ತವರ ಹೆಸರನ್ನು ಮೂರು ಸಲ ಕೂಗಿ, "ಓದಲೇ?" ಎಂದು ಕೇಳಬೇಕು. ಹತ್ತು ಎಣಿಸುವವರೆಗೆ ಕಾಯಬೇಕು. ಯಾರೂ ಬೇಡ ಎನ್ನುವುದಿಲ್ಲ. ಆಮೇಲೆ ಕುಳಿತು ಓದುತ್ತೇವೆ.

ಎಂಟು ತಿಂಗಳ ಹಿಂದೆ ನನ್ನ ಮೇಜಿಗೆ ನಿಮ್ಮ ಪೆಟ್ಟಿಗೆ ಬಂತು. ಎರಡನೆಯ ಸಲ ಹೆಸರು ಕೂಗಿದಾಗ ನೀವು ಯಾರೆಂದು ಹೊಳೆಯಿತು. ಯಾರ ಅರ್ಜಿಗಾಗಿ ಬಂದದ್ದು ಎಂಬುದೂ ಹೊಳೆಯಿತು: ನನ್ನ ಅಕ್ಕನ ಮಗಳು ತುಂಗಾ ಕಣ್ಣಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಹುದ್ದೆಗೆ ಅರ್ಜಿ ಹಾಕಿದ್ದಳು. ಸ್ವಂತ ಮನೆತನದ ಪೆಟ್ಟಿಗೆಯನ್ನು ಇನ್ನೊಬ್ಬ ಓದುಗನಿಗೆ ಕೊಟ್ಟುಬಿಡಬೇಕು, ಅದು ನಿಯಮ. ನಾನು ಕೊಡಲಿಲ್ಲ. ಕೆಟ್ಟದ್ದೇನಾದರೂ ಇದ್ದರೆ ಮುಚ್ಚಿಡೋಣ ಎಂದುಕೊಂಡೆ. ಮೂರನೆಯ ಸಲವೂ ಕೂಗಿದೆ.

ಒಂದು ವಾರ ನಿಮ್ಮೊಂದಿಗೆ ಸುಖವಾಗಿದ್ದೆ. ಶಾಲೆಯ ಪ್ರಯೋಗಾಲಯದಲ್ಲಿ ಒಡೆದ ಬೀಕರುಗಳು, ಗ್ಯಾಸಿನವನ ಮೇಲಿನ ಸಿಟ್ಟು, ವಿಜಯಪುರದ ತಂಗಿ ಶಾರದಾಬಾಯಿಗೆ ಬರೆದ ಉದ್ದುದ್ದ ಪತ್ರಗಳು. 2027ರ ಒಂದು ಭಾನುವಾರ ಅವರು ಬರೆದಿದ್ದಾರೆ: "ಅಕ್ಕಾ, ನಾ ಬ್ಯಾರೆ ಇಮೇಲಿಗೆ ಹೋದೆ. ಅದನ್ನ ನಡಸವ್ರಿಗೂ ನಮ್ಮ ಪತ್ರ ಓದಾಕ ಬರೂದಿಲ್ಲಂತ, ಕೀಲಿಕೈ ನಮ್ಮ ಕಡೇನ ಇರತೈತಿ. ವರ್ಷಕ್ಕ ಒಂದಿಷ್ಟು ರೊಕ್ಕ ಕೊಡಬೇಕು. ನೀನೂ ಬಾ. ನಾನೊಬ್ಬಾಕಿ ಬಾಗಲಾ ಹಾಕ್ಕೊಂಡು ನಿನ್ನ ಬಾಗಲಾ ತೆರದಿದ್ರ ಏನ್ ಬಂತು?" ನೀವು ಉತ್ತರಿಸಿದ್ದೀರಿ: "ಹೊಸಾ ವಿಳಾಸ ಬ್ಯಾಂಕಿಗೆ, ಶಾಲಿಗೆ, ಗ್ಯಾಸಿನಾವಗ ಯಾರು ಹೇಳಕೋತ ಅಡ್ಡಾಡಬೇಕವ್ವಾ? ನಮ್ಮ ಪತ್ರ ಓದಿದ್ರ ಅವರಿಗೇನ್ ಸಿಗತೈತಿ? ಶೇಂಗಾ ಚಟ್ನಿ ಮಾಡೂದು ಕಲಕೊಂಡಾರು, ಕಲೀಲಿ ಬಿಡು." ನಾನು ನಕ್ಕೆ. ಓದುಮನೆಯಲ್ಲಿ ಯಾರೂ ನಗುವುದಿಲ್ಲ.

ಅದಾಗಿ ಮೂರು ತಿಂಗಳಿಗೆ ಈ ಪತ್ರ: "ಬರಿಯುವಾಗ ಕೈ ನಡುಗತಾವ, ಶಾರೀ. ಶಾಲ್ಯಾಗ ಯಾರಿಗೂ ಹೇಳಿಲ್ಲ. ಓದಿ ಅಳಿಸಿಬಿಡು." ಮರುದಿನವೇ ಉತ್ತರ: "ಅಳಿಸೀನಿ. ನೀನೂ ಅಳಸು." ನೀವೂ ಅಳಿಸಿದಿರಿ. ನಿಮ್ಮಿಬ್ಬರ ಕಣ್ಣಿಗೆ ಅದು ಹೋಯಿತು. ಆದರೆ ಕಂಪನಿ ಇಟ್ಟುಕೊಂಡಿತ್ತು.

ಟಿಪ್ಪಣಿಯಲ್ಲಿ ಆ ಪತ್ರದ ಮಾತನ್ನು ನಾನು ಬಿಟ್ಟುಬಿಡಬಹುದಿತ್ತು, ಅದಕ್ಕೆಂದೇ ತಾನೆ ಪೆಟ್ಟಿಗೆ ಇಟ್ಟುಕೊಂಡದ್ದು. ಆದರೆ ಪ್ರತಿ ಹತ್ತರಲ್ಲಿ ಒಂದು ಪೆಟ್ಟಿಗೆಯನ್ನು ಎರಡನೆಯ ಓದುಗ ಮತ್ತೆ ಓದುತ್ತಾನೆ. ಆ ಒಂದು ನಿಮ್ಮದೇ ಆದರೆ? ಹೆದರಿದೆ. "ಮನೆತನದಲ್ಲಿ ಕೈನಡುಕ" ಎಂದು ಬರೆದು ಸಹಿ ಹಾಕಿದೆ. ನಿಮ್ಮ ಪೆಟ್ಟಿಗೆಯನ್ನು ಮತ್ತೆ ಯಾರೂ ಓದಲಿಲ್ಲ.

ತುಂಗಾಳ ಅರ್ಜಿ ತಿರಸ್ಕಾರವಾಯಿತು. ಆ ಭಾನುವಾರ ನಮ್ಮ ಮನೆಗೆ ಬಂದು, ಸೂಜಿ ತಗೊಂಡು, ಒಂದೇ ಸಲಕ್ಕೆ ದಾರ ಪೋಣಿಸಿದಳು. "ನೋಡ್ ಮಾವಾ, ನಡುಗತಾವೇನ? ಆ ಓದಿದಾಂವ ಸಿಗಲಿ, ಕೇಳತೀನಿ. ನಮ್ಮವ್ವನ ಅಜ್ಜೀ ಅಜ್ಜಿಗೆ ಚಳಿ ಹತ್ತಿತ್ತೋ ಏನೋ, ನೋಡೀದ್ಯೇನೋ ಅಂತ." ನಾನು ಚಹಾ ಮಾಡುತ್ತೇನೆಂದು ಎದ್ದು ಒಳಗೆ ಹೋದೆ. ಆಮೇಲೆ ಅವಳು ಹತ್ತು ಸಲವಾದರೂ ಬಂದಿದ್ದಾಳೆ. ಹತ್ತು ಸಲವೂ ಚಹಾ ಮಾಡಿದ್ದೇನೆ.

ರಕ್ತಸಂಬಂಧಿ ಓದಿದ ಪೆಟ್ಟಿಗೆ ಕೆಟ್ಟ ಪೆಟ್ಟಿಗೆ. ಅದರ ಟಿಪ್ಪಣಿ ರದ್ದಾಗುತ್ತದೆ, ಅದಕ್ಕೆ ಶಾಶ್ವತವಾಗಿ ಮೊಹರು ಬೀಳುತ್ತದೆ. ಈ ನಿಯಮ ಎಂಟು ತಿಂಗಳಿಂದ ನನಗೆ ಗೊತ್ತಿದೆ. ನಾನು ಬಾಯಿ ಬಿಟ್ಟರೆ ಸಾಕಿತ್ತು. ನನ್ನ ಕೆಲಸ ಹೋಗುತ್ತದೆ, ಅದನ್ನು ತಡೆದುಕೊಂಡೇನು. ಓದಿದವನು ಯಾರೆಂದು ತುಂಗಾಳಿಗೆ ಗೊತ್ತಾಗುತ್ತದೆ. ನನ್ನನ್ನು ತಡೆದದ್ದು ಅದು.

ಈ ಪತ್ರ ನಿಮ್ಮ ಭಾನುವಾರಕ್ಕೆ ತಲುಪುವುದಿಲ್ಲ. ತಲುಪುವುದಾದರೆ ಕೇಳುತ್ತಿದ್ದೆ: ತಂಗಿಯ ಮಾತು ಕೇಳಿ, ಬ್ಯಾಂಕಿಗೂ ಗ್ಯಾಸಿನವನಿಗೂ ಹೊಸ ವಿಳಾಸ ಕೊಟ್ಟು ಬನ್ನಿ, ಒಂದು ದಿನದ ಕೆಲಸ. ಆದರೆ ನನ್ನ ಅಂಜಿಕೆಯ ಭಾರವನ್ನು ನಿಮ್ಮ ಸೋಮಾರಿತನದ ಮೇಲೆ ಹೊರಿಸಲಾರೆ. ನೀವು ಬಾಗಿಲು ತೆರೆದಿಟ್ಟಿರಿ, ಒಳಗೆ ಬಂದವನು ನಾನು.

ಇದನ್ನು ನಿಮ್ಮ ಪೆಟ್ಟಿಗೆಯಲ್ಲೇ, ಕಳಿಸದ ಪತ್ರಗಳ ಜಾಗದಲ್ಲಿ ಇಡುತ್ತಿದ್ದೇನೆ. ನಾಳೆ ಬೆಳಿಗ್ಗೆ ಮೇಲಧಿಕಾರಿಯ ಮುಂದೆ ನಿಲ್ಲುತ್ತೇನೆ. ಅಲ್ಲಿಂದ ನೇರವಾಗಿ ತುಂಗಾಳ ಮನೆಗೆ. ಮಧ್ಯಾಹ್ನದೊಳಗೆ ಮೊಹರು ಬೀಳುತ್ತದೆ. ಆಮೇಲೆ ಯಾರೂ ಎದ್ದು ನಿಂತು ನಿಮ್ಮ ಹೆಸರು ಕೂಗುವುದಿಲ್ಲ. ನಿಮ್ಮ ಇಷ್ಟು ಸಾವಿರ ಪತ್ರಗಳಲ್ಲಿ, ಬೇರೆ ಯಾರೂ ಓದದೆ ಉಳಿಯುವುದು ಇದೊಂದೇ.

ನಿಮ್ಮ,
ಶಿವಯೋಗಿ